ಎಡಗಾಲಿಗೆ ಕೆಲಸ ಬೇಕೋ ಬೇಡವೋ: ಡ್ರ್ಯಾಗ್ ರೇಸಿಗೆ ಗೇರ್‌ಬಾಕ್ಸ್ ಆರಿಸುವ ಮುನ್ನ

ಕಾರ ಹುಣ್ಣಿಮೆಯ ಹೊತ್ತಿಗೆ ರಾಯಚೂರಿನಲ್ಲಿ ನಡೆಯುವ ಮುಂಗಾರು ಹಬ್ಬಕ್ಕೆ ಹೋಗಿ, ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ನೋಡಿದವರಿಗೆ ಡ್ರ್ಯಾಗ್ ರೇಸಿನ, ಅಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಮೊದಲು ಗುರಿ ಮುಟ್ಟುವ ಓಟದ, ಅರ್ಧ ಪಾಠ ಆಗಲೇ ಆಗಿರುತ್ತದೆ. ಜನ ಕೇಕೆ ಹಾಕುವುದು ಎತ್ತುಗಳು ಓಡುವಾಗ. ಎತ್ತು ಸಾಕಿದ ಹಿರಿಯರ ಕಣ್ಣು ಮಾತ್ರ ಟನ್ನುಗಟ್ಟಲೆ ತೂಕದ ಆ ಕಲ್ಲು ನೆಲ ಬಿಡುವ ಒಂದು ಗಳಿಗೆಯ ಮೇಲಿರುತ್ತದೆ. ಒಂದು ಎತ್ತು ಮುಂದಾಗಿ ಇನ್ನೊಂದು ಹಿಂದುಳಿದರೆ ನೊಗ ಓರೆಯಾಗುತ್ತದೆ, ಗೊರಸು ಮಣ್ಣು ಕೆದರುತ್ತದೆ, ಕಲ್ಲು ಇದ್ದಲ್ಲೇ ಇರುತ್ತದೆ. ಜೋಡಿ ಒಟ್ಟಿಗೆ ಮೈ ಕೊಟ್ಟರೆ ಅದೇ ಕಲ್ಲು ಸದ್ದಿಲ್ಲದೆ ಸರಿಯುತ್ತದೆ. ನಾನು ಗೇರ್‌ಬಾಕ್ಸಿನ ವಿಷಯ ಮಾತನಾಡುವಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಗಳಿಗೆಯೇ.

ನನ್ನದು ಬಳ್ಳಾರಿಯಲ್ಲಿ ವಾಹನಗಳ ಬಿಡಿಭಾಗದ ಅಂಗಡಿ. ಅಪ್ಪ ಸಂಡೂರಿನ ಕಡೆಯಿಂದ ಅದಿರು ಲಾರಿ ಓಡಿಸಿದವರು. ಸುಟ್ಟ ಕ್ಲಚ್ ಪ್ಲೇಟಿನ ವಾಸನೆ ಅಮ್ಮನಿಗೆ ಎಷ್ಟು ಬೇಸರವೋ ನನಗೆ ಅಷ್ಟೇ ಪರಿಚಿತ. ಕೆಲವು ವರ್ಷಗಳಿಂದ, ಕೈಯಲ್ಲಿ ನಾಲ್ಕು ಕಾಸು ಉಳಿದಾಗ, ಡ್ರ್ಯಾಗ್ ಸ್ಪರ್ಧೆಗಳಿಗೆ ಕಾರು ತೆಗೆದುಕೊಂಡು ಹೋಗುತ್ತೇನೆ. ಗೆದ್ದದ್ದು ಕಡಿಮೆ, ಮುರಿದುಕೊಂಡು ಬಂದದ್ದು ಹೆಚ್ಚು. ಹಾಗಾಗಿಯೇ ಇರಬೇಕು, ಕಳೆದ ತಿಂಗಳು ಮೂವರು ನನ್ನನ್ನೇ ಹುಡುಕಿಕೊಂಡು ಒಂದೇ ಪ್ರಶ್ನೆ ಕೇಳಿದರು: ಮ್ಯಾನ್ಯುಯಲ್ಲೋ ಆಟೊಮ್ಯಾಟಿಕ್ಕೋ?

ಮೊದಲನೆಯವನು ಗಂಗಾವತಿಯ ಅಕ್ಕಿ ಗಿರಣಿ ಮನೆತನದ ಹುಡುಗ. ಹೊಸ ಟರ್ಬೊ ಸೆಡಾನ್ ಬುಕ್ ಮಾಡಬೇಕು, ಮನೆಯವರೆಲ್ಲ ಓಡಾಡಬೇಕು, ವರ್ಷಕ್ಕೆರಡು ಸಲ ಸ್ಪರ್ಧೆಗೂ ಹೋಗಬೇಕು. ಎರಡನೆಯವರು ಸಿಂಧನೂರಿನ ಶಾಲಾ ಮೇಷ್ಟ್ರು. ಅವರ ಹತ್ತಿರ ಎರಡು ಲಕ್ಷ ರೂಪಾಯಿ ಇದೆ, ಹಳೆಯ ಕಾರೊಂದನ್ನು ಸ್ಪರ್ಧೆಗೆಂದೇ ಇಟ್ಟುಕೊಳ್ಳುವ ಹುಚ್ಚಿದೆ. ಮೂರನೆಯವರು ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಗೆ ಘಟಕ ನಡೆಸುವವರು. ದುಡ್ಡಿಗೆ ಕೊರತೆಯಿಲ್ಲ, ದೊಡ್ಡ ಎಂಜಿನ್ ಬೇಕು, 'ಅಣ್ಣ, ಸುಮ್ಮನೆ ನಂಬರ್ ಒನ್ ಯಾವುದು ಹೇಳಿ' ಎಂದರು. ಒಂದೇ ಉತ್ತರ ಮೂವರಿಗೂ ಹೊಂದುವುದಿಲ್ಲ.

ಮುಂದುವರಿಯುವ ಮೊದಲು ಒಂದು ಮಾತು. ಇಲ್ಲಿ ಹೇಳುವುದೆಲ್ಲ ಟ್ರ್ಯಾಕಿಗೆ ಅಥವಾ ವಿಮಾನದ ರನ್‌ವೇಯಲ್ಲಿ ಅನುಮತಿ ಪಡೆದು ನಡೆಸುವ ಸ್ಪರ್ಧೆಗೆ. ಹೊಸಪೇಟೆ ರಸ್ತೆಯಲ್ಲೋ ಬೈಪಾಸಿನಲ್ಲೋ ರಾತ್ರಿ ಹನ್ನೊಂದಕ್ಕೆ ಪಂದ್ಯ ಕಟ್ಟುವವರಿಗೆ ಅಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ಸಲ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. 2019ರ ತಿದ್ದುಪಡಿಯ ನಂತರ ಎರಡನೇ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ದಂಡ ಕಟ್ಟಬಹುದು. ಹತ್ತಿ ತುಂಬಿದ ಟ್ರ್ಯಾಕ್ಟರ್ ಹಿಂದಿನ ದೀಪವಿಲ್ಲದೆ ಅದೇ ರಸ್ತೆಯಲ್ಲಿ ಹೋಗುತ್ತಿರುತ್ತದೆ, ಅದಕ್ಕೆ ಏನು ಕಟ್ಟುತ್ತೀರಿ?

ಯಾವುದನ್ನು ನೋಡಿ ಅಳೆಯಬೇಕು

ಡ್ರ್ಯಾಗ್ ರೇಸಿನ ಉದ್ದ ಕಾಲು ಮೈಲಿ, ಅಂದರೆ 402 ಮೀಟರ್. ಕೆಲವೆಡೆ ಅದರ ಅರ್ಧ, 201 ಮೀಟರ್. ಸಮಯದ ಚೀಟಿಯಲ್ಲಿ ನಾನು ಮೊದಲು ನೋಡುವುದು ಕೊನೆಯ ಅಂಕಿಯನ್ನಲ್ಲ, 60 ಅಡಿಯ, ಅಂದರೆ ಸುಮಾರು 18 ಮೀಟರಿನ ಅಂಕಿಯನ್ನು. ಅಲ್ಲಿ ಒಂದು ಹತ್ತಾಂಶ ಸೆಕೆಂಡ್ ಉಳಿಸಿದರೆ ಕೊನೆಯಲ್ಲಿ ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಹತ್ತಾಂಶ ಉಳಿಯುತ್ತದೆ ಎಂಬುದು ಈ ಆಟದವರೆಲ್ಲ ಬಾಯಿಪಾಠ ಮಾಡಿದ ಲೆಕ್ಕ. ಆದ್ದರಿಂದ ಮೊದಲ ಅಳತೆ, ಗೇರ್‌ಬಾಕ್ಸು ಆ ಹದಿನೆಂಟು ಮೀಟರನ್ನು ಹೇಗೆ ದಾಟಿಸುತ್ತದೆ ಎಂಬುದು.

ಎರಡನೆಯದು, ಹತ್ತು ಸಲ ಓಡಿಸಿದರೆ ಹತ್ತೂ ಸಲ ಒಂದೇ ರೀತಿ ದಾಟಿಸುತ್ತದೆಯೇ. ಒಂದು ಸಲ ಅದ್ಭುತ, ಮುಂದಿನ ಸಲ ಹೊಗೆ ಎಂದಾದರೆ ಸುತ್ತುಗಳನ್ನು ದಾಟಿ ಅಂತಿಮಕ್ಕೆ ಬರಲು ಆಗುವುದಿಲ್ಲ.

ಮೂರನೆಯದು ನಮ್ಮ ಕಡೆಯವರಿಗೆ ಮಾತ್ರ ಅರ್ಥವಾಗುವ ಅಳತೆ: ಮುರಿದರೆ ಊರಿಗೆ ಹೇಗೆ ಬರುವುದು, ಬಂದ ಮೇಲೆ ಯಾರು ಬಿಚ್ಚುವುದು? ಬಳ್ಳಾರಿಯಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಐನೂರು ಕಿಲೋಮೀಟರಿನ ಆಸುಪಾಸು. ಲೋಣಾವಳದ ಬಳಿ ಆಂಬಿ ವ್ಯಾಲಿಯ ರನ್‌ವೇಯೂ ಪಕ್ಕದ ಮನೆಯಲ್ಲ. ಬಹುತೇಕರು ಕಾರನ್ನು ಓಡಿಸಿಕೊಂಡೇ ಹೋಗಿ, ಓಡಿಸಿಕೊಂಡೇ ಬರಬೇಕೆಂದು ಹೊರಡುತ್ತಾರೆ. ನಾಲ್ಕನೆಯದು, ಸ್ಪರ್ಧೆ ಇಲ್ಲದ ಮುನ್ನೂರರವತ್ತು ದಿನ ಆ ಕಾರು ಏನು ಮಾಡುತ್ತದೆ ಎಂಬುದು.

ಕೊನೆಯ ವೇಗ, ಅಶ್ವಶಕ್ತಿ, ಎಷ್ಟು ಗೇರ್ ಎಂಬುದನ್ನೆಲ್ಲ ನಾನು ಬೇಕೆಂದೇ ಬಿಟ್ಟಿದ್ದೇನೆ. ಅವನ್ನು ಶೋರೂಮಿನವರು ಹೇಳುತ್ತಾರೆ.

ಗೇರ್ ಬದಲಿಸುವಾಗ ನಿಜವಾಗಿ ಕಳೆಯುವುದು ಎಷ್ಟು

'ಮ್ಯಾನ್ಯುಯಲ್‌ನಲ್ಲಿ ಒಂದೊಂದು ಗೇರಿಗೂ ಅರ್ಧ ಸೆಕೆಂಡ್ ಹೋಗುತ್ತದೆ, ಮೂರು ಗೇರಿಗೆ ಒಂದೂವರೆ ಸೆಕೆಂಡ್ ಹೋಯಿತು' ಎಂದು ವಾದಿಸುವವರನ್ನು ಪ್ರತಿ ಸ್ಪರ್ಧೆಯಲ್ಲೂ ನೋಡುತ್ತೇನೆ. ಲೆಕ್ಕ ಹಾಗಲ್ಲ. ಗೇರ್ ಬದಲಿಸುವಾಗ ಕಾರು ನಿಲ್ಲುವುದಿಲ್ಲ, ಇದ್ದ ವೇಗದಲ್ಲಿ ಸಾಗುತ್ತಲೇ ಇರುತ್ತದೆ. ವೇಗ ಏರುವುದು ಮಾತ್ರ ತಡವಾಗುತ್ತದೆ. ಹಾಗಾಗಿ ಆ ಗಳಿಗೆಯಲ್ಲಿನ ವೇಗ ಕೊನೆಯ ವೇಗಕ್ಕೆ ಎಷ್ಟು ಹತ್ತಿರವಿದೆಯೋ ನಷ್ಟ ಅಷ್ಟು ಕಡಿಮೆ.

ಒಂದು ಸಾಧಾರಣ ಟರ್ಬೊ ಹ್ಯಾಚ್‌ಬ್ಯಾಕ್ ತೆಗೆದುಕೊಳ್ಳಿ. ಕಾಲು ಮೈಲಿಯ ಕೊನೆಗೆ ಗಂಟೆಗೆ 135 ಕಿಲೋಮೀಟರ್ ಮುಟ್ಟುತ್ತದೆ ಎನ್ನೋಣ. ನಿಮ್ಮ ಕೈ ಒಂದೊಂದು ಗೇರಿಗೂ 0.4 ಸೆಕೆಂಡ್ ತೆಗೆದುಕೊಳ್ಳುತ್ತದೆ ಎನ್ನೋಣ. ಮೊದಲನೆಯದರಿಂದ ಎರಡಕ್ಕೆ 50ರ ವೇಗದಲ್ಲಿ ಹಾಕಿದರೆ ನಷ್ಟ ಸುಮಾರು 0.25 ಸೆಕೆಂಡ್. ಎರಡರಿಂದ ಮೂರಕ್ಕೆ 90ರಲ್ಲಿ ಹಾಕಿದರೆ 0.13. ಮೂರರಿಂದ ನಾಲ್ಕಕ್ಕೆ 125ರಲ್ಲಿ ಹಾಕಿದರೆ ಬರೀ 0.03. ಒಟ್ಟು 0.4 ಸೆಕೆಂಡಿಗೆ ತುಸು ಹೆಚ್ಚು. ಕಡಿಮೆಯೇನಲ್ಲ; ಡ್ರ್ಯಾಗಿನಲ್ಲಿ 0.4 ಎಂದರೆ ಎದುರಾಳಿಯ ನಂಬರ್ ಪ್ಲೇಟ್ ಓದುವಷ್ಟು ಅಂತರ. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಒಂದು ಬದಲಾವಣೆಯಲ್ಲಿ ಹೋಗುತ್ತಿದೆ. ಮ್ಯಾನ್ಯುಯಲ್ ಓಡಿಸುವವನು ನಾಲ್ಕನೇ ಗೇರನ್ನು ಗುದ್ದಿ ಹಾಕುವ ಬದಲು ಒಂದರಿಂದ ಎರಡಕ್ಕೆ ಹೋಗುವುದನ್ನು ಕಲಿಯಬೇಕು. ಎಷ್ಟೋ ಜನ ತಿರುಗುಮುರುಗು ಮಾಡುತ್ತಾರೆ.

ಮ್ಯಾನ್ಯುಯಲ್

ಅಗ್ಗ, ಹಗುರ, ಎಂಜಿನ್ನಿನ ಶಕ್ತಿ ಚಕ್ರಕ್ಕೆ ತಲಪುವಾಗ ಸೋರಿಕೆ ಕಡಿಮೆ. ಮುಖ್ಯವಾಗಿ, ಗಂಗಾವತಿಯಿಂದ ಮಾನ್ವಿಯವರೆಗೆ ಯಾವ ಊರಲ್ಲಿ ನಿಂತರೂ ಕ್ಲಚ್ ಇಳಿಸಿ ಏರಿಸುವ ಕೈ ಸಿಗುತ್ತದೆ. ಅದಿರು ಲಾರಿ, ಭತ್ತದ ಲಾರಿಗಳು ನಮಗೆ ಕೊಟ್ಟ ಉಪಕಾರ ಅದು. ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು ಮೂರನ್ನೂ ಬದಲಿಸಿದರೂ ಸಣ್ಣ ಕಾರಿಗೆ ಖರ್ಚು ಸಾವಿರಗಳ ಲೆಕ್ಕದಲ್ಲೇ ಮುಗಿಯುತ್ತದೆ, ಲಕ್ಷ ಮುಟ್ಟುವುದಿಲ್ಲ.

ಕಷ್ಟವಿರುವುದು ಎಡಗಾಲಿನಲ್ಲಿ. ಹಸಿರು ದೀಪಕ್ಕೆ ಮೊದಲು ಎಂಜಿನ್ನನ್ನು ನಿಮಿಷಕ್ಕೆ ಮೂರೋ ಮೂರೂವರೆಯೋ ಸಾವಿರ ಸುತ್ತಿನಲ್ಲಿ ಹಿಡಿದು ನಿಲ್ಲಿಸಿರುತ್ತೀರಿ. ಹಿಮ್ಮಡಿ ನೆಲಕ್ಕೆ ಊರಿದೆ, ಪೆಡಲ್ಲು ಮುಂಗಾಲಿನಡಿ ನಡುಗುತ್ತಿದೆ. ಪೂರ್ತಿ ಬಿಟ್ಟುಬಿಟ್ಟರೆ ಮುಂದಿನ ಚಕ್ರಗಳು ಇದ್ದಲ್ಲೇ ಗಿರಗಿರ ತಿರುಗುತ್ತವೆ, ಇಲ್ಲವೇ ಹಿಡಿತ ಒಳ್ಳೆಯದಿದ್ದರೆ ಆಕ್ಸಲ್ ಕಡಿಯುತ್ತದೆ. ಹೆದರಿ ಮೆಲ್ಲಗೆ ಬಿಟ್ಟರೆ ಪ್ಲೇಟು ಉಜ್ಜಿ ಉಜ್ಜಿ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ಇವೆರಡರ ನಡುವೆ ಬೆರಳಗಲದಷ್ಟು ಜಾಗ. ಕ್ಲಚ್ ಕಚ್ಚುವ ಆ ಜಾಗದವರೆಗೆ ಬೇಗ ಬಂದು, ಅಲ್ಲಿ ಒಂದು ಉಸಿರು ತಡೆದು, ಚಕ್ರ ಹಿಡಿದದ್ದು ಸೀಟಿಗೆ ಗೊತ್ತಾದ ಮೇಲೆ ಉಳಿದದ್ದನ್ನು ಬಿಡಬೇಕು. ನಮ್ಮ ಹೆಚ್ಚಿನ ಕಾರುಗಳು ಮುಂಚಕ್ರದಿಂದ ಎಳೆಯುವಂಥವು. ಹೊರಡುವಾಗ ತೂಕ ಹಿಂದಕ್ಕೆ ವಾಲಿ ಮುಂಚಕ್ರ ಹಗುರಾಗುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಎರಡು ಎತ್ತು ಒಟ್ಟಿಗೆ ಮೈ ಕೊಡಬೇಕು ಎಂದದ್ದು ಇದನ್ನೇ: ಒಂದು ಎತ್ತು ಎಂಜಿನ್ನು, ಇನ್ನೊಂದು ಟೈರು.

ಪ್ಲೇಟು ಆರಿಸುವುದರಲ್ಲೂ ಒಂದು ಕೊಡು-ಕೊಳ್ಳು ಇದೆ. ಸಾಮಾನ್ಯ ಪ್ಲೇಟು ಮೃದುವಾಗಿ ಹಿಡಿಯುತ್ತದೆ, ಬಿಸಿಯಾದರೆ ಜಾರುತ್ತದೆ. ಸೆರಾಮಿಕ್ ತುಣುಕುಗಳ ಪ್ಲೇಟು ಬಿಸಿಗೆ ಜಗ್ಗುವುದಿಲ್ಲ, ಆದರೆ ಹಿಡಿದರೆ ಒಮ್ಮೆಗೇ ಹಿಡಿಯುತ್ತದೆ. ಅದನ್ನು ಹಾಕಿಸಿಕೊಂಡು ರಾಯಲ್ ವೃತ್ತದ ಸಿಗ್ನಲ್ಲಿನಲ್ಲಿ ಸಂಜೆ ಆರಕ್ಕೆ ನಿಂತರೆ ಎಡಗಾಲು ನಿಮ್ಮನ್ನು ಶಪಿಸುತ್ತದೆ, ಹಿಂದೆ ಕೂತ ಅತ್ತೆಯೂ ಶಪಿಸುತ್ತಾರೆ.

ಮ್ಯಾನ್ಯುಯಲ್‌ನ ಅತಿ ದುಬಾರಿ ತಪ್ಪು ಕ್ಲಚ್ಚಿನದಲ್ಲ, ಕೈಯದು. ಒಮ್ಮೆ ನಾನು ಮೂರರಿಂದ ನಾಲ್ಕಕ್ಕೆ ಎಳೆಯುವಾಗ ಕೈ ಸ್ವಲ್ಪ ಆಚೆ ವಾಲಿತು. ಲಿವರ್ ಎರಡಕ್ಕೆ ಬಿತ್ತು. ಎರಡನೇ ಗೇರಿನಲ್ಲಿ 90 ಕಿಲೋಮೀಟರಿಗೆ 6,500 ಸುತ್ತು ಮುಟ್ಟುವ ಎಂಜಿನ್ನನ್ನು 125ರಲ್ಲಿ ಆ ಗೇರಿಗೆ ತಳ್ಳಿದರೆ ಒಂಬತ್ತು ಸಾವಿರ. ಸುತ್ತು ಮಿತಿ ಮೀರದಂತೆ ತಡೆಯುವ ರೆವ್ ಲಿಮಿಟರ್ ಪೆಟ್ರೋಲು ನಿಲ್ಲಿಸೀತು, ಚಕ್ರಗಳು ಎಂಜಿನ್ನನ್ನು ತಿರುಗಿಸುವುದನ್ನು ನಿಲ್ಲಿಸಲಾರದು. ಬಕೆಟ್ಟಿನಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದು ಬಂತು, ಆಮೇಲೆ ಏನೂ ಬರಲಿಲ್ಲ. ಎಂಟು ವಾಲ್ವ್ ಬಾಗಿದ್ದವು. ಕಾರು ಲಾರಿಯ ಮೇಲೆ ಕೂತು ಅನಂತಪುರದ ದಾರಿಯಲ್ಲಿ ಬರುವಾಗ ನಾನು ಲಾರಿ ಚಾಲಕನ ಪಕ್ಕ ಕೂತಿದ್ದೆ. ಅವರು ಎಂಟು ತಾಸು ಒಂದು ತಪ್ಪು ಗೇರ್ ಹಾಕಲಿಲ್ಲ.

ಡಿಸಿಟಿ

ಡಿಸಿಟಿ ಎಂದರೆ ಡ್ಯುಯಲ್ ಕ್ಲಚ್ ಟ್ರಾನ್ಸ್‌ಮಿಷನ್, ಆಟೊಮ್ಯಾಟಿಕ್‌ನಲ್ಲಿ ಒಂದು ಬಗೆ. ಎರಡು ಕ್ಲಚ್ಚಿನ ಈ ಪೆಟ್ಟಿಗೆಯಲ್ಲಿ ಒಂದು ಕ್ಲಚ್ಚು ಬೆಸ ಗೇರುಗಳನ್ನೂ ಇನ್ನೊಂದು ಸಮ ಗೇರುಗಳನ್ನೂ ನೋಡಿಕೊಳ್ಳುತ್ತದೆ. ನೀವು ಎರಡರಲ್ಲಿ ಹೋಗುತ್ತಿರುವಾಗಲೇ ಮೂರು ಸಿದ್ಧವಾಗಿ ಕಾಯುತ್ತಿರುತ್ತದೆ. ಒಂದು ಬಿಟ್ಟು ಇನ್ನೊಂದು ಹಿಡಿಯುವುದಷ್ಟೇ ಕೆಲಸ. ಮೇಲೆ ಲೆಕ್ಕ ಹಾಕಿದ 0.4 ಸೆಕೆಂಡ್ ಇಲ್ಲಿ ಬಹುತೇಕ ಮಾಯ. ನಾಲ್ಕಕ್ಕೆ ಬದಲು ಎರಡಕ್ಕೆ ಬೀಳುವ ಮಾತೇ ಇಲ್ಲ, ಕಂಪ್ಯೂಟರು ಬಿಡುವುದಿಲ್ಲ.

ಹೋಲಿಸಲು ಒಳ್ಳೆಯ ಜೋಡಿಗಳು ನಮ್ಮ ಮಾರುಕಟ್ಟೆಯಲ್ಲೇ ಇವೆ. 2023ರಲ್ಲಿ ಬಂದ ಹ್ಯುಂಡೈ ವೆರ್ನಾದ 1.5 ಟರ್ಬೊ ಎಂಜಿನ್, 160 ಪಿಎಸ್ ಶಕ್ತಿ, 253 ನ್ಯೂಟನ್ ಮೀಟರ್ ತಿರುಚುಬಲ, ಆರು ಗೇರಿನ ಮ್ಯಾನ್ಯುಯಲ್‌ನೊಂದಿಗೂ ಏಳು ಗೇರಿನ ಡಿಸಿಟಿಯೊಂದಿಗೂ ಬಂತು. ಫೋಕ್ಸ್‌ವ್ಯಾಗನ್ ವರ್ಟಸ್‌ನ 150 ಪಿಎಸ್‌ನ 1.5 ಟಿಎಸ್‌ಐ ಎಂಜಿನ್ನೂ ಹಾಗೆಯೇ ಎರಡು ಬಗೆಯಲ್ಲಿ. ಇಂಥ ಎರಡು ಕಾರುಗಳನ್ನು ಒಬ್ಬ ಸಾಧಾರಣ ಚಾಲಕನ ಕೈಗೆ ಕೊಟ್ಟರೆ ಡಿಸಿಟಿ ಮುಂದೆ ಬರುತ್ತದೆ. ಪಳಗಿದವನ ಕೈಗೆ ಕೊಟ್ಟರೂ ಗೇರ್ ಬದಲಾವಣೆಯಲ್ಲಿ ಡಿಸಿಟಿಯೇ ಮುಂದೆ. ಅವನು ಗಳಿಸುವುದಿದ್ದರೆ ಆ ಹದಿನೆಂಟು ಮೀಟರಿನಲ್ಲಿ ಮಾತ್ರ.

ಹಾಗಿದ್ದರೆ ಚರ್ಚೆ ಮುಗಿಯಿತಲ್ಲ? ಇಲ್ಲ, ಬಿಸಿಲಿದೆ. ಸಣ್ಣ ಕಾರುಗಳಲ್ಲಿ ಬರುವ ಡಿಸಿಟಿಗಳಲ್ಲಿ ಹಲವು ಒಣ ಕ್ಲಚ್ಚಿನವು. ಎಣ್ಣೆಯಲ್ಲಿ ಮುಳುಗಿರುವುದಿಲ್ಲ, ಬಿಸಿ ಹೋಗಲು ಗಾಳಿಯೇ ಗತಿ. ಮ್ಯಾನ್ಯುಯಲ್ ಕ್ಲಚ್ಚೂ ಒಣದ್ದೇ, ಆದರೆ ಅಲ್ಲಿ ಎಷ್ಟು ಉಜ್ಜಬೇಕು ಎಂಬುದು ನಿಮ್ಮ ಕಾಲಿಗೆ ಬಿಟ್ಟದ್ದು. ಇಲ್ಲಿ ಕಂಪ್ಯೂಟರು ನಾಜೂಕಾಗಿ ಹೊರಡಿಸಲು ಹೋಗಿ ತಾನೇ ಉಜ್ಜುತ್ತದೆ. ಒಂದು ಮೇ ತಿಂಗಳಿನಲ್ಲಿ ನನ್ನ ಹಿಂದಿನ ಡಿಸಿಟಿ ಹ್ಯಾಚ್‌ಬ್ಯಾಕಿನಲ್ಲಿ ನಾಲ್ಕು ಓಟ ಚೆನ್ನಾಗಿ ಆಯಿತು. ಐದನೆಯದಕ್ಕೆ ಸಾಲಿನಲ್ಲಿ ನಿಂತಾಗ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಮೂಡಿತು. ಕಾರು ಹೊರಟಿತು, ಆದರೆ ಮದುವಣಗಿತ್ತಿಯ ನಡಿಗೆಯಲ್ಲಿ.

ತಪ್ಪು ಓಟದ್ದಾಗಿರಲಿಲ್ಲ, ಸಾಲಿನದ್ದು. ಮುಂದಿನ ಕಾರು ಎರಡಡಿ ಸರಿದಾಗಲೆಲ್ಲ ನಾನು ಬ್ರೇಕ್ ಸಡಿಲಿಸಿ ಎರಡಡಿ ತೆವಳುತ್ತಿದ್ದೆ. ಅರ್ಧ ಗಂಟೆ ತೆವಳಿದರೆ ಒಣ ಕ್ಲಚ್ಚು ಅರ್ಧ ಗಂಟೆ ಅರೆಬರೆ ಉಜ್ಜಿದಂತೆ. ಈಗ ಯಾರಿಗಾದರೂ ಹೇಳುವುದು ಇಷ್ಟು: ಸಾಲಿನಲ್ಲಿ ನ್ಯೂಟ್ರಲ್‌ಗೆ ಹಾಕಿ, ಮುಂದೆ ನಾಲ್ಕು ಕಾರಿನಷ್ಟು ಜಾಗ ಬಿಡಲಿ, ಹಿಂದಿನವರು ಹಾರ್ನ್ ಹೊಡೆಯಲಿ, ಆಮೇಲೆ ಒಂದೇ ಸಲ ಮುಂದೆ ಹೋಗಿ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನ ಡಿಸಿಟಿ ಇದ್ದರೆ ಈ ಚಿಂತೆ ಬಹಳ ಕಡಿಮೆ. ಕೊಳ್ಳುವಾಗ ಒಣದ್ದೋ ಎಣ್ಣೆಯದ್ದೋ ಎಂದು ಕೇಳಿ ತಿಳಿಯಿರಿ.

ಇನ್ನೆರಡು ವಿಷಯ ಕೇಳಬೇಕು. ಎಲ್ಲ ಡಿಸಿಟಿಯಲ್ಲೂ ಲಾಂಚ್ ಕಂಟ್ರೋಲ್, ಅಂದರೆ ಎಂಜಿನ್ ಸುತ್ತು ಏರಿಸಿಟ್ಟು ಒಮ್ಮೆಗೇ ಹೊರಡಿಸುವ ವ್ಯವಸ್ಥೆ, ಇರುವುದಿಲ್ಲ. ಅದಿಲ್ಲದ ಕೆಲವು ಕಾರುಗಳಲ್ಲಿ ಬ್ರೇಕ್ ಒತ್ತಿಕೊಂಡು ಆಕ್ಸಿಲರೇಟರ್ ಒತ್ತಿದರೆ ಕಂಪ್ಯೂಟರು ಎಂಜಿನ್ನಿನ ಉಸಿರನ್ನೇ ಅದುಮುತ್ತದೆ. ಆಗ ಹೊರಡುವ ಗಳಿಗೆಯಲ್ಲಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇನ್ನೂ ನಿದ್ದೆಯಲ್ಲಿರುತ್ತದೆ, ಮೊದಲ ಹದಿನೆಂಟು ಮೀಟರಿನಲ್ಲಿ ಮ್ಯಾನ್ಯುಯಲ್‌ನವನು ನಕ್ಕು ಹೋಗುತ್ತಾನೆ. ಇನ್ನು ದುರಸ್ತಿ. ಖಾತರಿ ಅವಧಿ ಮುಗಿದ ಮೇಲೆ ಕ್ಲಚ್ ಜೋಡಿಯೋ, ಗೇರುಗಳನ್ನು ಆಳುವ ಮೆಕಾಟ್ರಾನಿಕ್ ಭಾಗವೋ ಕೈಕೊಟ್ಟರೆ ಲೆಕ್ಕ ಲಕ್ಷದ ಮೆಟ್ಟಿಲು ಹತ್ತುತ್ತದೆ. ಅದನ್ನು ಬಿಚ್ಚಿ ಜೋಡಿಸುವ ಪಳಗಿದ ಕೈ ನನಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ. ಸ್ಪರ್ಧೆಯಲ್ಲಿ ಬಳಸಿದ ಗುರುತು ಸಿಕ್ಕರೆ ಖಾತರಿಯ ಮಾತೂ ತೊಡಕಾಗುತ್ತದೆ, ಕೈಪಿಡಿಯ ಸಣ್ಣ ಅಕ್ಷರ ಓದಿ.

ಟಾರ್ಕ್ ಕನ್ವರ್ಟರ್ ಇರುವ ಹಳೆಯ ಬಗೆಯ ಆಟೊಮ್ಯಾಟಿಕ್

ಇದರ ಬಗ್ಗೆ ನಮ್ಮಲ್ಲಿ ತಾತ್ಸಾರ ಜಾಸ್ತಿ. 'ಸಾಹೇಬರ ಗಾಡಿ, ಎಳೆಯುವುದಿಲ್ಲ' ಎನ್ನುತ್ತಾರೆ. ಹಾಗೆನ್ನುವವರು ಊರ ಕೆರೆಯ ಹೂಳೆತ್ತುವ ಜೆಸಿಬಿಯನ್ನು ನೋಡಲಿ. ಅದರೊಳಗೂ ಇರುವುದು ಟಾರ್ಕ್ ಕನ್ವರ್ಟರೇ. ಎಂಜಿನ್ನಿಗೂ ಗೇರಿಗೂ ನಡುವೆ ಉಜ್ಜುವ ಪ್ಲೇಟಿನ ಬದಲು ಎಣ್ಣೆ. ಒಂದು ರೆಕ್ಕೆ ಎಣ್ಣೆಯನ್ನು ಎಸೆಯುತ್ತದೆ, ಎದುರಿನ ರೆಕ್ಕೆ ಅದರ ಹೊಡೆತಕ್ಕೆ ತಿರುಗುತ್ತದೆ, ನಡುವಿನ ಸ್ಟೇಟರ್ ವಾಪಸ್ ಬರುವ ಎಣ್ಣೆಯನ್ನು ತಿರುಗಿಸಿ ಮತ್ತೆ ನೂಕುತ್ತದೆ. ಫಲವೇನೆಂದರೆ, ನಿಂತಲ್ಲಿಂದ ಹೊರಡುವ ಗಳಿಗೆಯಲ್ಲಿ ಎಂಜಿನ್ ಕೊಟ್ಟ ತಿರುಚುಬಲ ಹೆಚ್ಚುಕಡಿಮೆ ಎರಡು ಪಟ್ಟಾಗಿ ಗೇರಿಗೆ ಸೇರುತ್ತದೆ. ಕಲ್ಲು ನೆಲ ಬಿಡುವ ಗಳಿಗೆಗೆ ಇದಕ್ಕಿಂತ ಒಳ್ಳೆಯ ಗೆಳೆಯನಿಲ್ಲ.

ಅಮೆರಿಕದಲ್ಲಿ ಈ ಆಟ ಹುಟ್ಟಿ ಬೆಳೆದಲ್ಲಿ ಇದು ಹೊಸ ಮಾತಲ್ಲ. ಷೆವ್ರೊಲೆ ಕಾರುಗಳಿಗೆಂದು 1950ರಲ್ಲಿ ಬಂದ ಪವರ್‌ಗ್ಲೈಡ್ ಎಂಬ ಪೆಟ್ಟಿಗೆಗೆ ಇದ್ದದ್ದು ಎರಡೇ ಗೇರ್. ರಸ್ತೆಯಲ್ಲಿ ಅದು ಎಂದೋ ಮುದಿಯಾಯಿತು, ಆದರೆ ಡ್ರ್ಯಾಗ್ ಪಟ್ಟಿಯಲ್ಲಿ ಇಂದಿಗೂ ಅದರ ವಂಶ ನಡೆಯುತ್ತಿದೆ: ಬದಲಾವಣೆ ಒಂದೇ, ತಪ್ಪುವುದಕ್ಕೆ ಜಾಗವೂ ಒಂದೇ. ಅಲ್ಲಿ ಟ್ರಾನ್ಸ್‌ಬ್ರೇಕ್ ಎಂಬ ಉಪಾಯವೂ ಇದೆ. ಮೊದಲ ಗೇರನ್ನೂ ರಿವರ್ಸ್ ಗೇರನ್ನೂ ಒಟ್ಟಿಗೆ ಹಿಡಿಸಿ ಪೆಟ್ಟಿಗೆಯನ್ನೇ ಬಿಗಿದು ನಿಲ್ಲಿಸುತ್ತಾರೆ. ಎಂಜಿನ್ ಪೂರ್ತಿ ಕೂಗುತ್ತಿರುವಾಗ ಗುಂಡಿಯಿಂದ ಬೆರಳು ತೆಗೆದರೆ ರಿವರ್ಸ್ ಬಿಟ್ಟು ಕಾರು ಹಾರುತ್ತದೆ. ಗೆಲುವಿಗೆ ಓಟದ ಸಮಯ ಮಾತ್ರವಲ್ಲ, ದೀಪ ಕಂಡು ಹೊರಡಲು ನೀವು ತೆಗೆದುಕೊಂಡ ಸಮಯವೂ ಸೇರುತ್ತದೆ. ಕಾಲಿಗಿಂತ ಬೆರಳು ನಂಬಿಕಸ್ಥ.

ಮ್ಯಾನ್ಯುಯಲ್ ಪಕ್ಷದವರಿಗೂ ಅಲ್ಲಿ ಆಧಾರ ಸಿಗುತ್ತದೆ. ಅಲ್ಲಿನ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎಯ ಪ್ರೊ ಸ್ಟಾಕ್ ವರ್ಗದ ಕಾರುಗಳು ಐದು ಗೇರಿನ ಪೆಟ್ಟಿಗೆಯಲ್ಲಿ, ಹೊರಡಲು ಕ್ಲಚ್ ಪೆಡಲ್ ಬಳಸಿಯೇ ಓಡುತ್ತವೆ. ಎಲ್ಲಕ್ಕಿಂತ ವೇಗದ ಟಾಪ್ ಫ್ಯುಯೆಲ್ ಕಾರುಗಳಿಗೆ ಗೇರೇ ಇಲ್ಲ, ಹಂತ ಹಂತವಾಗಿ ಹಿಡಿಯುವ ಹಲವು ಪದರದ ಕ್ಲಚ್ಚೊಂದೇ. ಆದ್ದರಿಂದ 'ವೃತ್ತಿಪರರು ಏನು ಬಳಸುತ್ತಾರೆ' ಎಂದು ನೋಡಿ ತೀರ್ಮಾನಿಸಲು ಹೋಗಬೇಡಿ, ಅಲ್ಲಿ ಮೂರು ಬಗೆಯ ಉತ್ತರವೂ ಇದೆ.

ನಮ್ಮಲ್ಲಿ ಇದರ ಕುಂದು ಬೇರೆ. ಶೋರೂಮಿನಿಂದ ಬಂದ ಕನ್ವರ್ಟರ್ ಆಟೊಮ್ಯಾಟಿಕ್ಕುಗಳನ್ನು ಹಿತವಾಗಿ ಹೋಗಲೆಂದು ಮಾಡಿರುತ್ತಾರೆ. ಬ್ರೇಕ್ ಒತ್ತಿ ಆಕ್ಸಿಲರೇಟರ್ ಕೊಟ್ಟರೆ ಸುತ್ತು ಒಂದು ಮಟ್ಟಕ್ಕಿಂತ ಏರುವುದಿಲ್ಲ. ಆ ಮಟ್ಟಕ್ಕೆ ಸ್ಟಾಲ್ ಎನ್ನುತ್ತಾರೆ. ಟರ್ಬೊ ಎಚ್ಚರಗೊಳ್ಳುವುದು ಅದಕ್ಕಿಂತ ಮೇಲೆ ಎಂದಾದರೆ ಲಾಭ ಅರ್ಧ. ಸ್ಟಾಲ್ ಎತ್ತರಿಸಿದ ಕನ್ವರ್ಟರ್ ಬೇಕೆಂದರೆ ಹೊರಗಿನಿಂದ ತರಿಸಬೇಕು, ಎಣ್ಣೆ ತಂಪಾಗಿಸಲು ಬೇರೆ ಕೂಲರ್ ಕೂರಿಸಬೇಕು. ಮುಂಚಕ್ರದ ಕಾರಿನಲ್ಲಿ ಎರಡು ಪಟ್ಟಾದ ಬಲ ಟೈರಿನ ಹೊಗೆಯಾಗಿ ಹೋಗುವುದೇ ಹೆಚ್ಚು. ಹಿಂಚಕ್ರದ ಭಾರದ ಗಾಡಿಗಳಲ್ಲಿ ಇದರ ಸೊಗಸು ಕಾಣುತ್ತದೆ. 2.8 ಲೀಟರಿನ ಹಳೆಯ ಇನ್ನೋವಾ ಕ್ರಿಸ್ಟಾ ಡೀಸೆಲ್ ಆಟೊಮ್ಯಾಟಿಕ್, 360 ನ್ಯೂಟನ್ ಮೀಟರ್, ಹಿಂಚಕ್ರ ಚಾಲನೆ. ಮದುವೆ ದಿಬ್ಬಣದ ಗಾಡಿ ಎಂದು ನಗುವ ಮೊದಲು ಅದು ಮೊದಲ ಹದಿನೆಂಟು ಮೀಟರ್ ಹೋಗುವುದನ್ನು ನೋಡಿ.

ಉಳಿದವು

ಎಎಂಟಿ ಬೇಡ. ಅದು ಮ್ಯಾನ್ಯುಯಲ್ ಪೆಟ್ಟಿಗೆಯೇ, ಕ್ಲಚ್ ಒತ್ತಲು, ಗೇರ್ ಬದಲಿಸಲು ಯಂತ್ರದ ಕೈಕಾಲು ಕೂರಿಸಿರುತ್ತಾರೆ, ಆ ಕೈಕಾಲಿಗೆ ಅವಸರವೆಂಬುದು ಗೊತ್ತಿಲ್ಲ. ಸಂತೆಗೆ ಹೋಗಿಬರಲು ಚೆನ್ನ. ಹಲ್ಲಿನ ಗೇರುಗಳ ಬದಲು ಬೆಲ್ಟಿನಿಂದ ನಡೆಯುವ ಸಿವಿಟಿಯ ವಿಷಯದಲ್ಲಿ ಒಂದು ವಿಚಿತ್ರವಿದೆ: ಎಂಜಿನ್ನನ್ನು ಸದಾ ಶಕ್ತಿಯ ಶಿಖರದಲ್ಲೇ ಇಡಬಲ್ಲದು, ಹಾಗಾಗಿ ಕಾಗದದ ಮೇಲೆ ಅದೇ ಶ್ರೇಷ್ಠ. 1993ರಲ್ಲಿ ವಿಲಿಯಮ್ಸ್ ತಂಡ ಫಾರ್ಮುಲಾ ಒನ್ ಕಾರಿಗೆ ಸಿವಿಟಿ ಕೂರಿಸಿ ಪರೀಕ್ಷಿಸಿತು, ಸ್ಪರ್ಧೆಗೆ ಇಳಿಸುವ ಮೊದಲೇ ನಿಯಮದಲ್ಲಿ ಅದನ್ನು ನಿಷೇಧಿಸಿದರು. ಆದರೆ ನಮ್ಮ ಬೀದಿಯ ಕಾರಿನ ಸಿವಿಟಿಗೆ ನಿಂತಲ್ಲಿಂದ ಹೊಡೆತ ಕೊಟ್ಟರೆ ಬೆಲ್ಟಿಗೆ ಪೆಟ್ಟು. ಕ್ಲಚ್ ಪೆಡಲ್ ಇಲ್ಲದ ಐಎಂಟಿಯಲ್ಲಿ ಗೇರ್ ನಿಮ್ಮ ಕೈಯಲ್ಲಿ, ಕ್ಲಚ್ಚು ಕಂಪ್ಯೂಟರಿನ ಕೈಯಲ್ಲಿ. ಡ್ರ್ಯಾಗಿಗೆ ಬೇಕಾದದ್ದು ಸರಿಯಾಗಿ ಇದರ ತಿರುಗುಮುರುಗು. ಬೈಕಿನವರಿಗೆ ಈ ತಲೆನೋವೇ ಇಲ್ಲ. ಕ್ಲಚ್ ಒತ್ತದೆಯೇ ಗೇರ್ ಬದಲಿಸಲು ಬಿಡುವ ಒಂದು ಕ್ವಿಕ್‌ಶಿಫ್ಟರ್ ಕೂರಿಸಿಕೊಂಡರೆ ಅರ್ಧ ಡಿಸಿಟಿ ಬಂದಂತೆ.

ಮೂವರಿಗೆ ನಾನು ಹೇಳಿದ್ದು

ಗಂಗಾವತಿಯ ಹುಡುಗನಿಗೆ ಡಿಸಿಟಿ ಎಂದೆ. ಹೊಸ ಕಾರಿನಲ್ಲಿ ಮ್ಯಾನ್ಯುಯಲ್‌ಗಿಂತ ಲಕ್ಷಕ್ಕೂ ಮಿಕ್ಕಿ ಹೆಚ್ಚು ಕೊಡಬೇಕು, ಅವನಿಗೆ ಅದು ಭಾರವಲ್ಲ. ಅವನ ಅಕ್ಕನೂ ಓಡಿಸುತ್ತಾರೆ, ತಂದೆಗೆ ಮೊಣಕಾಲು ನೋವು. ವರ್ಷಕ್ಕೆ ಎರಡು ಸ್ಪರ್ಧೆ, ಒಂದೊಂದರಲ್ಲಿ ನಾಲ್ಕೈದು ಓಟ. ಸಾಲಿನಲ್ಲಿ ತೆವಳದಿದ್ದರೆ ಕ್ಲಚ್ಚು ತಡೆಯುತ್ತದೆ. ಯಾವ ಮಾರ್ಪಾಡನ್ನೂ ಮಾಡಬೇಡ ಎಂದೂ ಸೇರಿಸಿದೆ. ಒಣ ಡಿಸಿಟಿಗೆ ಹೊರುವ ಬಲದ ಮಿತಿ ಇರುತ್ತದೆ, ಟರ್ಬೊ ಕಾರಿನ ಕಂಪ್ಯೂಟರಿಗೆ ಶಕ್ತಿ ಏರಿಸುವ ಹೊಸ ನಕ್ಷೆ (ಮ್ಯಾಪ್) ತುಂಬಿಸಿ ಅದನ್ನು ಮೀರುವುದು ಒಂದು ಮಧ್ಯಾಹ್ನದ ಕೆಲಸ.

ಮೇಷ್ಟ್ರಿಗೆ ಮ್ಯಾನ್ಯುಯಲ್, ಎರಡನೇ ಮಾತಿಲ್ಲ. ಅವರ ಎರಡು ಲಕ್ಷದಲ್ಲಿ ನಮ್ಮ ದೇಶಕ್ಕೆ ಬಂದ ಮೊದಲ ತಲೆಮಾರಿನ ಹೋಂಡಾ ಸಿಟಿ ವಿಟೆಕ್‌ನಂಥ, ಟರ್ಬೊ ಇಲ್ಲದ ಹಳೆಯ ಪೆಟ್ರೋಲ್ ಕಾರು ಹುಡುಕಬೇಕು, ಒಂದು ಪಾಲು ಕ್ಲಚ್ಚಿಗೂ ಟೈರಿಗೂ ಎತ್ತಿಡಬೇಕು. ಒಂದೇ ಎಚ್ಚರಿಕೆ: ಇಂಥ ಎಂಜಿನ್ ಹವಾಮಾನದ ಗುಲಾಮ. ಬಳ್ಳಾರಿ ಸಮುದ್ರಮಟ್ಟಕ್ಕಿಂತ ನಾನೂರೆಂಬತ್ತು ಮೀಟರಿನಷ್ಟು ಮೇಲಿದೆ, 40 ಡಿಗ್ರಿಯ ಗಾಳಿ 25 ಡಿಗ್ರಿಯದಕ್ಕಿಂತ ಶೇಕಡ ಐದರಷ್ಟು ತೆಳು. ಎರಡೂ ಸೇರಿದರೆ ಬೇಸಿಗೆಯ ಮಧ್ಯಾಹ್ನ ಎಂಜಿನ್ನಿಗೆ ಸಿಗುವ ಗಾಳಿಯಲ್ಲಿ ಹತ್ತಕ್ಕೆ ಒಂದು ಪಾಲು ಖೋತಾ. ಇಲ್ಲಿ ಜಾರದ ಕ್ಲಚ್ಚು, ಗಾಳಿ ದಟ್ಟವಾಗಿ ಎಂಜಿನ್ ಬಲ ಏರುವ ಚೆನ್ನೈಯ ಕಡಲಂಚಿನ ಬೆಳಗಿನಲ್ಲಿ ಜಾರಿದರೆ ಆಶ್ಚರ್ಯವಿಲ್ಲ.

ಕೌಲ್ ಬಜಾರಿನವರಿಗೆ ದೊಡ್ಡ ಎಂಜಿನ್ನಿನ ಹಿಂಚಕ್ರದ ಗಾಡಿ, ಕನ್ವರ್ಟರ್ ಆಟೊಮ್ಯಾಟಿಕ್, ಒಳ್ಳೆಯ ಕೂಲರ್. ಅವರಿಗೆ ಇದು ರುಚಿಸಲಿಲ್ಲ, 'ಗೇರ್ ಹಾಕುವ ಮಜವೇ ಹೋಯಿತಲ್ಲ ಅಣ್ಣ' ಎಂದರು. ಮಜ ಬೇಕೋ ನಂಬರ್ ಒನ್ ಬೇಕೋ ಎಂದು ಕೇಳಿದೆ, ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ಜೊತೆಗೆ ಇನ್ನೊಂದು: ಎಂಜಿನ್ ಬದಲಿಸಿ ಪೆಟ್ಟಿಗೆ ಬದಲಿಸಿ ಮಾಡಿದ ಗಾಡಿಯನ್ನು ಆಮೇಲೆ ರಸ್ತೆಗೆ ಇಳಿಸಿದರೆ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. ಅಂಥದ್ದನ್ನು ಸ್ಪರ್ಧೆಗೆಂದೇ ಇಟ್ಟು, ಲಾರಿಯ ಮೇಲೆ ಒಯ್ಯಬೇಕು. ಆ ಖರ್ಚೂ ಲೆಕ್ಕಕ್ಕೆ ಹಿಡಿಯಲಿ.

ಇನ್ನೂ ಮನಸ್ಸು ತೂಗುತ್ತಿದ್ದರೆ, ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಹಂಗಾಮು ಮುಗಿದ ಮೇಲೆ ಹತ್ತಿ ಜಿನ್ನಿಂಗ್ ಮಿಲ್ಲುಗಳ ಕಾಂಕ್ರೀಟ್ ಅಂಗಳ ಖಾಲಿ ಬಿದ್ದಿರುತ್ತದೆ. ಪರಿಚಯದ ಮಾಲೀಕರಿದ್ದರೆ ಅನುಮತಿ ಕೇಳಿ, ಗೇಟು ಹಾಕಿಸಿ, ಕಸ ಗುಡಿಸಿ. ಸುಣ್ಣದಲ್ಲಿ ಒಂದು ಗೆರೆ, ಟೇಪು ಹಿಡಿದು 18.3 ಮೀಟರಿಗೆ ಇನ್ನೊಂದು ಗೆರೆ, ಅದರಾಚೆ ನಿಲ್ಲಿಸಲು ಮೂರರಷ್ಟು ಖಾಲಿ ಜಾಗ. ನಿಮ್ಮದೇ ಮ್ಯಾನ್ಯುಯಲ್ ಕಾರಿನಲ್ಲಿ ಹತ್ತು ಸಲ ಹೊರಡಿ, ಎರಡು ಓಟದ ನಡುವೆ ಹತ್ತು ನಿಮಿಷ ಬಾನೆಟ್ ತೆರೆದಿಡಿ. ಗೆಳೆಯರೊಬ್ಬರು ಪಕ್ಕದಲ್ಲಿ ನಿಂತು ಎರಡೂ ಗೆರೆ ಕಾಣುವಂತೆ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆಯಲಿ. ಚಿತ್ರ ಎಣಿಸಿದರೆ ಸಮಯ ಸಿಗುತ್ತದೆ. ಅತಿ ಬೇಗದ ಓಟಕ್ಕೂ ಅತಿ ತಡದ ಓಟಕ್ಕೂ ನಡುವಿನ ಅಂತರ 0.15 ಸೆಕೆಂಡಿನೊಳಗಿದ್ದರೆ ನಿಮ್ಮ ಎಡಗಾಲು ಸಂಬಳಕ್ಕೆ ಯೋಗ್ಯ, ಮ್ಯಾನ್ಯುಯಲ್ ತೆಗೆದುಕೊಳ್ಳಿ. 0.3 ದಾಟಿದರೆ ಆ ಕಾಲನ್ನು ಮ್ಯಾಟ್ ಮೇಲೆ ಇಟ್ಟು ಡಿಸಿಟಿ ಕೊಳ್ಳಿ. ನಡುವೆ ಬಿದ್ದರೆ ಮುಂದಿನ ಭಾನುವಾರ ಮತ್ತೆ ಹತ್ತು ಸಲ. ವಾಸನೆ ಬರತೊಡಗಿದರೆ ಎಣಿಕೆ ಎಷ್ಟಾಗಿದ್ದರೂ ಅಲ್ಲಿಗೆ ನಿಲ್ಲಿಸಿ, ಗೇಟು ತೆರೆಯಿರಿ.